ಗುಡ್ಡೆಯ ತುರಿಕೆ ಬಳ್ಳಿಯೂ ಜರ್ಮನಿಯ ನೆಟಲ್ ಕ್ಯಾಪ್ಸೂಲೂ ಒಂದೇ ಅಲ್ಲ

ಪ್ರಶ್ನೆ: ನಾವು ಬ್ರಹ್ಮಾವರದ ಹತ್ತಿರದವರು. ಮಾವನಿಗೆ 71 ವರ್ಷ. ಪ್ರಾಸ್ಟೇಟ್ ದೊಡ್ಡದಾಗಿದೆ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆ. ಅದಕ್ಕೆ ಟ್ಯಾಮ್ಸುಲೋಸಿನ್ ಮಾತ್ರೆ ಇದೆ. ಶುಗರಿಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್, ಬಿಪಿಗೆ ಆಮ್ಲೋಡಿಪಿನ್. ಮುಂದೆ ಆಪರೇಷನ್ ಬೇಕಾಗಬಹುದು ಅಂತ ಡಾಕ್ಟರು ಹೇಳಿದ್ದಾರೆ. ಮಾವನಿಗೆ ಅದು ಬೇಡವೇ ಬೇಡ. ಅತ್ತೆಗೆ 66, ಎರಡೂ ಮೊಣಕಾಲು ನೋವು. ಹೃದಯದ ವಾಲ್ವ್ ಬದಲಿಸಿರುವುದರಿಂದ ಅವರು ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಜರ್ಮನಿಯಲ್ಲಿರುವ ಮೈದುನ ನೆಟಲ್ ಎಂಬ ಗಿಡದ ಟೀ ಪ್ಯಾಕೆಟ್, ಕ್ಯಾಪ್ಸೂಲ್ ಎರಡೂ ಕಳಿಸಿದ್ದಾನೆ. ಇದರಿಂದ ಪ್ರಾಸ್ಟೇಟ್ ಕರಗುತ್ತದೆ, ಶುಗರ್ ಇಳಿಯುತ್ತದೆ, ರಕ್ತ ಜಾಸ್ತಿಯಾಗುತ್ತದೆ ಅಂತ ವಾಟ್ಸಾಪಿನಲ್ಲೂ ಬಂದಿದೆ. ಕ್ಯಾಪ್ಸೂಲ್ ಶುರು ಮಾಡಿದ ಮೇಲೆ ಮಾವ ಪ್ರಾಸ್ಟೇಟ್ ಮಾತ್ರೆ ಬಿಟ್ಟಿದ್ದಾರೆ, ಹತ್ತು ದಿನ ಆಯಿತು. ಪಕ್ಕದ ಮನೆಯ ಅಜ್ಜಿ, ‘ಅದು ನಮ್ಮ ಗುಡ್ಡೆಯ ತುರಿಕೆ ಬಳ್ಳಿಯೇ. ಅತ್ತೆಯ ಮೊಣಕಾಲಿಗೆ ಅದರಲ್ಲಿ ನಾಲ್ಕು ಬಡಿ, ನೋವು ಓಡಿಹೋಗ್ತದೆ’ ಅನ್ನುತ್ತಾರೆ. ಎರಡೂ ಒಂದೇ ಗಿಡವಾ? ಇವರಿಬ್ಬರೂ ತೆಗೆದುಕೊಳ್ಳಬಹುದಾ? ಬೀಜ ತರಿಸಿ ಮನೆಯಲ್ಲಿ ಬೆಳೆಸಬಹುದಾ?

ಉತ್ತರ: ಮೊದಲು ಮಾವನ ಮಾತ್ರೆಯ ವಿಚಾರ ಮುಗಿಸೋಣ. ಉಳಿದದ್ದಕ್ಕೆ ಪುರುಸೊತ್ತಿದೆ, ಇದಕ್ಕಿಲ್ಲ. ಟ್ಯಾಮ್ಸುಲೋಸಿನ್ ಬರೆದುಕೊಟ್ಟ ವೈದ್ಯರಿಗೆ ಇವತ್ತೇ ಫೋನ್ ಮಾಡಿ. ಹತ್ತು ದಿನದಿಂದ ನಿಲ್ಲಿಸಿದ್ದಾರೆ ಅಂತ ಮುಚ್ಚಿಡದೆ ಹೇಳಿ, ಮತ್ತೆ ಶುರು ಮಾಡುವುದು ಹೇಗೆ ಅಂತ ಕೇಳಿ. ಬಿಟ್ಟು ಮತ್ತೆ ಶುರು ಮಾಡಿದಾಗ ಮೊದಲ ಕೆಲವು ದಿನ ಎದ್ದು ನಿಂತ ಕೂಡಲೇ ತಲೆ ಸುತ್ತಬಹುದು. ಮಾವ ಬಿಪಿ ಮಾತ್ರೆಯನ್ನೂ ನುಂಗುವವರು. ರಾತ್ರಿ ಎಚ್ಚರವಾದಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಆಮೇಲೆ ನಡೆಯಲಿ. ದಾರಿಯ ದೀಪ ಉರಿಯುತ್ತಿರಲಿ. ಕ್ಯಾಪ್ಸೂಲ್ ಬೇಕಾ ಬೇಡವಾ ಅನ್ನುವುದನ್ನು ಆಮೇಲೆ ನೋಡುವ.

ನಾನು ಆಯುರ್ವೇದ ವೈದ್ಯ, ಮದ್ದಿನ ಗಿಡಗಳ ಪಾಠ ಹೇಳುವವನು. ಗಿಡದ ಮದ್ದಿನ ಮೇಲೆ ನಂಬಿಕೆ ಇರುವುದರಿಂದಲೇ ಈ ಕೆಲಸದಲ್ಲಿದ್ದೇನೆ. ಹಾಗಾಗಿ ನೆಟಲ್ ಸುಳ್ಳು ಅಂತ ನಾನು ಹೇಳುವುದಿಲ್ಲ. ಅದಕ್ಕೆ ಒಳ್ಳೆಯ ಗುಣಗಳಿವೆ. ಆದರೆ ನಿಮ್ಮ ಮನೆಯಲ್ಲಿ ಮೂರು ಬೇರೆ ಬೇರೆ ವಸ್ತುಗಳು ಒಂದೇ ಹೆಸರಿನಡಿ ಬೆರೆತಿವೆ. ಟೀ ಆ ಗಿಡದ ಎಲೆಯದ್ದು. ಕ್ಯಾಪ್ಸೂಲ್ ಬಹುಶಃ ಬೇರಿನದ್ದು. ಅಜ್ಜಿ ಹೇಳುತ್ತಿರುವುದು ಬೇರೆಯೇ ಗಿಡ. ಈ ಮೂರನ್ನು ಬಿಡಿಸಿಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಚುಚ್ಚುವ ಗಿಡಗಳೆಲ್ಲ ನೆಟಲ್ ಅಲ್ಲ

ಪುಸ್ತಕಗಳಲ್ಲಿ, ಕ್ಯಾಪ್ಸೂಲಿನ ಡಬ್ಬಿಯ ಮೇಲೆ ಬರುವ ನೆಟಲ್ ಎಂದರೆ ಅರ್ಟಿಕಾ ಡಯೋಯಿಕಾ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಪಟ್ಟಿ ಮಾಡಿದ ಗಿಡ. ಅದು ತಂಪು ಸೀಮೆಯದ್ದು. ಯೂರೋಪಿನಲ್ಲಿ ದಾರಿಬದಿಯ ಕಳೆಯ ಹಾಗೆ ಬೆಳೆಯುತ್ತದೆ. ನಮ್ಮ ದೇಶದಲ್ಲಿ ಅದು ಮತ್ತು ಅದರ ಹತ್ತಿರದ ಬಂಧುಗಳು ಇರುವುದು ಹಿಮಾಲಯದ ಕಡೆ. ಉತ್ತರಾಖಂಡದಲ್ಲಿ ಬಿಚ್ಚೂ ಘಾಸ್, ಕಂಡಾಲಿ ಎನ್ನುತ್ತಾರೆ. ನೇಪಾಳದಲ್ಲಿ ಸಿಸ್ನು. ಅಲ್ಲಿ ಎಳೆ ಚಿಗುರನ್ನು ಇಕ್ಕಳದಲ್ಲಿ ಹಿಡಿದು ಕೊಯ್ದು, ಬೇಯಿಸಿ ಪಲ್ಯ ಮಾಡಿ ಉಣ್ಣುತ್ತಾರೆ. ಟಿಬೆಟಿನ ಯೋಗಿ ಮಿಲರೇಪ ಗುಹೆಯಲ್ಲಿ ತಪಸ್ಸು ಮಾಡುವಾಗ ವರ್ಷಗಟ್ಟಲೆ ಈ ಸೊಪ್ಪನ್ನೇ ತಿಂದು ಮೈಯೇ ಹಸಿರಾಯಿತು ಎಂಬ ಕಥೆ ಆ ಕಡೆ ಎಲ್ಲರಿಗೂ ಗೊತ್ತು. ಆದರೆ ಉಡುಪಿ, ಮಂಗಳೂರಿನ ಸೆಕೆಗೆ ಈ ಗಿಡ ತಾನಾಗಿ ಬೆಳೆಯುವುದಿಲ್ಲ. ನಮ್ಮ ಗುಡ್ಡೆಯಲ್ಲಿ ಕಾಲಿಗೆ ತಾಗಿ ಉರಿಸುವುದು ಬೇರೆ ಗಿಡಗಳು.

ಅಜ್ಜಿ ಹೇಳಿದ ಬಳ್ಳಿ ಟ್ರೇಜಿಯಾ ಇನ್‌ವಾಲ್ಯುಕ್ರೇಟಾ ಇರಬೇಕು. ಬೇಲಿಯಲ್ಲಿ, ಪೊದೆಗಳಲ್ಲಿ ಸುತ್ತಿಕೊಂಡು ಹಬ್ಬುವ ತೆಳ್ಳಗಿನ ಬಳ್ಳಿ. ಎಲೆಯ ಅಂಚು ಗರಗಸದಂತೆ, ಮೈತುಂಬಾ ರೋಮ, ಮೂರು ಹೋಳಿನ ಪುಟ್ಟ ಕಾಯಿ. ಇದು ನೆಟಲ್ ಕುಟುಂಬದ್ದೇ ಅಲ್ಲ, ಹರಳು ಗಿಡದ ಕುಟುಂಬದ್ದು. ಇದಕ್ಕೂ ಮದ್ದಿನಲ್ಲಿ ಜಾಗ ಇದೆ. ಕೇರಳದ ವೈದ್ಯರು ಇದನ್ನು ಕೊಡಿತ್ತೂವ ಎನ್ನುತ್ತಾರೆ. ಗ್ರಂಥಗಳಲ್ಲಿ ದುರಾಲಭಾ ಎಂದು ಬರುವ ಮದ್ದಿನ ಬದಲಿಗೆ ಅವರು ಇದನ್ನು ಬಳಸುತ್ತಾರೆ. ಉತ್ತರದ ಕಡೆ ದುರಾಲಭಾ ಅಂದರೆ ಬೇರೆಯೇ ಒಂದು ಮುಳ್ಳುಗಿಡ. ಇನ್ನು ಗ್ರಂಥಗಳ ವೃಶ್ಚಿಕಾಲಿ ಇದೇ ಬಳ್ಳಿ ಅಂತ ಕೆಲವರು, ಇನ್ನೊಂದು ಬಳ್ಳಿ ಅಂತ ಮತ್ತೆ ಕೆಲವರು. ಓದಿದ ವೈದ್ಯರ ನಡುವೆಯೇ ಇಷ್ಟು ಚರ್ಚೆ ಇರುವಾಗ, ‘ಚರಕ ಸಂಹಿತೆಯಲ್ಲಿ ಹೇಳಿದ ನೆಟಲ್’ ಅಂತ ಯಾರಾದರೂ ಬರೆದರೆ ನಂಬಬೇಡಿ.

ಮಳೆಗಾಲದಲ್ಲಿ ಅಡಿಕೆ ತೋಟದ ಬದಿಯಲ್ಲಿ, ಕಲ್ಲುಗೋಡೆಯ ಬುಡದಲ್ಲಿ ಏಳುವ ಮೆತ್ತಗಿನ ಗಿಡ ಒಂದಿದೆ. ಉದ್ದ ಕಡ್ಡಿಯಲ್ಲಿ ಬಿಟ್ಟು ಬಿಟ್ಟು ಸಣ್ಣ ಹೂಗೊಂಚಲು ಇರುತ್ತದೆ. ಅದು ಲಾಪೋರ್ಟಿಯಾ ಇಂಟರಪ್ಟಾ. ಇದು ನೆಟಲ್ ಕುಟುಂಬದ್ದೇ, ಉರಿ ಸ್ವಲ್ಪ ಕಡಿಮೆ. ಘಟ್ಟದ ತಂಪು ಕಾಡಿಗೆ ಹೋದರೆ ಆಳೆತ್ತರದ, ಎಲೆ ಸೀಳಿದ ಹಾಗಿರುವ ಜಿರಾರ್ಡಿನಿಯಾ ಸಿಗುತ್ತದೆ. ನೀಲಗಿರಿಯ ನೆಟಲ್ ಅಂತ ಹೆಸರು ಮಾಡಿದ್ದು ಅದೇ.

ನಿಜಕ್ಕೂ ಹೆದರಬೇಕಾದದ್ದು ಇನ್ನೊಂದು. ಘಟ್ಟದ ಒದ್ದೆ ಕಾಡಿನಲ್ಲಿ ಅಗಲ ಎಲೆಯ, ಅಂಚು ಅಲೆಅಲೆಯಾಗಿರುವ ಪೊದೆಮರ, ಡೆಂಡ್ರೋಕ್ನಿಡೆ ಸಿನುವೇಟಾ. ನೋಡಲು ಸಾಧು. ಮುಟ್ಟಿದರೆ ದಿನಗಟ್ಟಲೆ ನೋವು. 19ನೇ ಶತಮಾನದ ಆರಂಭದಲ್ಲಿ ಲೆಶನೋ ಎಂಬ ಫ್ರೆಂಚ್ ಸಸ್ಯವಿಜ್ಞಾನಿ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಇದರ ಎಲೆ ಕೊಯ್ಯುವಾಗ ಮೂರು ಬೆರಳಿಗೆ ತಾಗಿಸಿಕೊಂಡ. ಮೊದಲು ಸುಮ್ನೆ ಚುಚ್ಚಿದ ಹಾಗೆ ಅನ್ನಿಸಿತು. ಒಂದು ಗಂಟೆಯಲ್ಲಿ ತಡೆಯಲಾಗದ ಉರಿ ಆಯಿತು. ಅದು ಕಂಕುಳವರೆಗೆ ಏರಿತು, ದವಡೆ ಬಿಗಿಯಿತು. ಕೈಯನ್ನು ನೀರಿಗೆ ಹಾಕಿದಾಗೆಲ್ಲ ಉರಿ ಮರುಕಳಿಸಿತು. ಪೂರ್ತಿ ಹೋಗಲು ಒಂಬತ್ತು ದಿನ ಬೇಕಾಯಿತು ಅಂತ ಅವನೇ ಬರೆದಿದ್ದಾನೆ. ಆಗುಂಬೆ, ಕುದುರೆಮುಖದ ಕಡೆ ಚಾರಣಕ್ಕೆ ಹೋಗುವ ಮಕ್ಕಳಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ಗೊತ್ತಿಲ್ಲದ ಅಗಲ ಎಲೆಯನ್ನು ಕೈ ಒರೆಸಲು ಕೂಡ ಕೊಯ್ಯಬೇಡಿ.

ಗುರುತು ಹಿಡಿಯಲು ಒಂದು ಸುಲಭ ದಾರಿ ಇದೆ. ನಿಜವಾದ ನೆಟಲಿನಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ. ಮೇಲೆ ಹೇಳಿದ ನಮ್ಮ ನಾಲ್ಕರಲ್ಲೂ ಎಲೆಗಳು ಕಾಂಡದಲ್ಲಿ ಒಂದಾದ ಮೇಲೆ ಒಂದು, ಈಚೆ ಆಚೆ ಇರುತ್ತವೆ. ನಸುಗುನ್ನಿ ಇವುಗಳ ಲೆಕ್ಕಕ್ಕೆ ಬರುವುದಿಲ್ಲ. ಅದು ಅವರೆಯ ಜಾತಿಯ ಬಳ್ಳಿ. ತುರಿಸುವುದು ಕಾಯಿಯ ಮೇಲಿನ ರೋಮ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ತಪ್ಪು ಗಿಡದ ಬೆಲೆ ಏನು ಅಂತ ತುಳುನಾಡಿನವರಿಗೆ ಬೇರೆ ಹೇಳಬೇಕಾಗಿಲ್ಲ. ಆಟಿ ಅಮಾವಾಸ್ಯೆಗೆ ನಾವು ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತೇವೆ. ಬೆಳಕು ಹರಿಯುವ ಮೊದಲೇ ಹೋಗಿ ತೊಗಟೆ ತರುವುದು ಪದ್ಧತಿ. ಕತ್ತಲಲ್ಲಿ ತಪ್ಪಿ ಕಾಸರಕದ ತೊಗಟೆ ತಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್, ಪ್ರಾಣಕ್ಕೇ ಸಂಚಕಾರ. ಹಾಗಾಗಿ ಹಿರಿಯರು ಹಿಂದಿನ ದಿನವೇ ಬೆಳಕಿನಲ್ಲಿ ಮರ ನೋಡಿ ಗುರುತು ಮಾಡಿಟ್ಟು ಬರುವುದುಂಟು. ಆ ಎಚ್ಚರ ತುರಿಕೆ ಗಿಡಕ್ಕೂ ಬೇಕು.

ಉರಿ ಎಲ್ಲಿಂದ ಬರುತ್ತದೆ

ನೆಟಲಿನ ಎಲೆ, ಕಾಂಡದ ಮೇಲೆ ಕಣ್ಣಿಗೆ ಕಾಣುವ ಸಣ್ಣ ಟೊಳ್ಳು ರೋಮಗಳಿವೆ. ತುದಿಯಲ್ಲಿ ಸಿಲಿಕಾ, ಅಂದರೆ ಗಾಜಿನಂಥ ಗಟ್ಟಿ ವಸ್ತು. ಚರ್ಮ ತಾಗಿದರೆ ತುದಿ ಮುರಿದು, ಉಳಿದ ಭಾಗ ಇಂಜೆಕ್ಷನ್ ಸೂಜಿಯ ಹಾಗೆ ಒಳಗಿನ ರಸವನ್ನು ಚರ್ಮದೊಳಕ್ಕೆ ಬಿಡುತ್ತದೆ. ಆ ರಸದಲ್ಲಿ ಹಿಸ್ಟಮಿನ್, ಅಸಿಟೈಲ್‌ಕೋಲಿನ್, ಸೆರೊಟೋನಿನ್ ಇವೆ. ಇರುವೆ ಕಚ್ಚಿದಾಗಿನ ಫಾರ್ಮಿಕ್ ಆಮ್ಲವೇ ಇದಕ್ಕೂ ಕಾರಣ ಅಂತ ಶಾಲೆಯಲ್ಲಿ ಓದಿರುತ್ತೀರಿ. ಅದು ಇದೆ, ಆದರೆ ಸ್ವಲ್ಪವೇ. ಅಜ್ಜಿಯ ಬಳ್ಳಿ ಚುಚ್ಚುವ ರೀತಿ ಬೇರೆ. ಅದರ ರೋಮದೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಚೂಪು ಹರಳು ಇರುತ್ತದೆ. ಪತ್ರೊಡೆಗೆ ತರುವ ಕೆಸುವಿನ ಎಲೆ ಗಂಟಲು ಕೆರೆಯುವುದೂ ಇದೇ ಆಕ್ಸಲೇಟ್ ಹರಳಿನಿಂದ. ಆದ್ದರಿಂದಲೇ ಅಲ್ವಾ ನಾವು ಧಾರಾಳ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು. ನೆಟಲ್ ಎಲೆಯನ್ನು ಒಣಗಿಸಿದರೆ, ಕುದಿಸಿದರೆ ರೋಮಗಳು ಕುಸಿದು ಚುಚ್ಚುವ ಶಕ್ತಿ ಹೋಗುತ್ತದೆ. ಮೈದುನ ಕಳಿಸಿದ ಟೀ ಗಂಟಲು ಉರಿಸುವುದಿಲ್ಲ, ಆ ಭಯ ಬೇಡ.

ಮಾವನ ಪ್ರಾಸ್ಟೇಟ್

ಮೊದಲು ಡಬ್ಬಿ ನೋಡಿ. ಜರ್ಮನ್ ಭಾಷೆಯಲ್ಲಿ ನೆಟಲಿಗೆ ಬ್ರೆನ್‌ನೆಸ್ಸೆಲ್ ಎನ್ನುತ್ತಾರೆ. ಅದರ ಜೊತೆ ‘ವುರ್ಟ್ಸೆಲ್’ ಅಂತ ಇದ್ದರೆ ಬೇರು. ‘ಬ್ಲೆಟರ್’ ಅಂತ ಇದ್ದರೆ ಎಲೆ. ಗೊತ್ತಾಗದಿದ್ದರೆ ಫೋಟೋ ತೆಗೆದು ಮೈದುನನಿಗೇ ಕಳಿಸಿ ಕೇಳಿ. ಪ್ರಾಸ್ಟೇಟಿಗೆ ಪರೀಕ್ಷೆ ಮಾಡಿ ನೋಡಿರುವುದು ಬೇರನ್ನು. ಎಲೆಯ ಟೀಯಿಂದ ಪ್ರಾಸ್ಟೇಟಿಗೆ ಉಪಯೋಗ ಇಲ್ಲ. ಎಲೆ ಸ್ವಲ್ಪ ಮೂತ್ರ ಹೆಚ್ಚಿಸುತ್ತದೆ ಕೂಡ. ರಾತ್ರಿ ಐದು ಸಲ ಏಳುವವರಿಗೆ ಸಂಜೆ ಆ ಟೀ ಕೊಟ್ಟರೆ ಆರು ಸಲ ಏಳುತ್ತಾರೆ. ನಿದ್ದೆ ಕೆಡುವುದು ನಿಮ್ಮದೂ ಸೇರಿ. ಸಂಜೆಯ ಟೀ ಇವತ್ತಿನಿಂದಲೇ ನಿಲ್ಲಿಸಿ.

ಬೇರಿನ ಬಗ್ಗೆ ಒಳ್ಳೆಯ ಮಾತು ಹೇಳಲು ಆಧಾರ ಇದೆ. ಇರಾನಿನಲ್ಲಿ 620 ಗಂಡಸರ ಮೇಲೆ 6 ತಿಂಗಳು ನಡೆದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಬೇರಿನ ಸಾರ ತೆಗೆದುಕೊಂಡವರಲ್ಲಿ 100ಕ್ಕೆ 81 ಮಂದಿಗೆ ಮೂತ್ರದ ತೊಂದರೆ ಕಡಿಮೆಯಾಯಿತು. ಮದ್ದಿಲ್ಲದ ಖಾಲಿ ಮಾತ್ರೆ ಪಡೆದವರಲ್ಲಿ 16 ಮಂದಿಗೆ ಮಾತ್ರ. ಇದನ್ನೇ ವಾಟ್ಸಾಪಿನವರು ‘ಪ್ರಾಸ್ಟೇಟ್ ಕರಗುತ್ತದೆ’ ಅಂತ ಮಾಡಿಕೊಂಡಿದ್ದಾರೆ. ಅದೇ ಅಧ್ಯಯನದಲ್ಲಿ ಪ್ರಾಸ್ಟೇಟಿನ ಗಾತ್ರ ಇಳಿದದ್ದು ಬಹಳ ಕಡಿಮೆ, 40 ಸಿಸಿ ಇದ್ದದ್ದು 36ರ ಹತ್ತಿರ ಬಂತು. ಮೂಲಿಕೆಗಳನ್ನು ಪರಿಶೀಲಿಸುತ್ತಿದ್ದ ಜರ್ಮನಿಯ ಕಮಿಷನ್ ಇ ಸಮಿತಿಯೂ ಬೇರಿಗೆ ಒಪ್ಪಿಗೆ ಕೊಟ್ಟಿತ್ತು, ಅದೂ ಕಾಯಿಲೆಯ ಮೊದಲ ಹಂತಗಳಿಗೆ ಮಾತ್ರ. ಇದು ತೊಂದರೆಯನ್ನು ತಗ್ಗಿಸುತ್ತದೆ, ದೊಡ್ಡದಾದ ಪ್ರಾಸ್ಟೇಟನ್ನು ಸಣ್ಣ ಮಾಡುವುದಿಲ್ಲ, ಆಗಾಗ ವೈದ್ಯರಿಗೆ ತೋರಿಸುತ್ತಲೇ ಇರಿ ಅಂತ ಅವರು ಸ್ಪಷ್ಟವಾಗಿ ಬರೆದಿದ್ದರು.

ಈ ‘ತೋರಿಸುತ್ತಲೇ ಇರಿ’ ಅನ್ನುವುದು ಮುಖ್ಯ. ಪ್ರಾಸ್ಟೇಟ್ ಇರುವುದು ಮೂತ್ರಚೀಲದ ಬಾಯಿಯ ಹತ್ತಿರ, ಮೂತ್ರನಾಳದ ಸುತ್ತ. ವಯಸ್ಸಾದಂತೆ ಅದು ಬೆಳೆದು ನಾಳವನ್ನು ಒತ್ತುತ್ತದೆ. ಚೀಲ ಪೂರ್ತಿ ಖಾಲಿಯಾಗುವುದಿಲ್ಲ. ಉಳಿದ ಮೂತ್ರದಲ್ಲಿ ಸೋಂಕು, ಕಲ್ಲು ಶುರುವಾಗಬಹುದು. ಒತ್ತಡ ಹಿಂದಕ್ಕೆ ಹೋದರೆ ಕಿಡ್ನಿಗೂ ಪೆಟ್ಟು. ಇದೆಲ್ಲ ನೋವಿಲ್ಲದೆ ನಡೆಯಬಹುದು. ನನ್ನ ಹತ್ತಿರ ಬರುವ ಹಿರಿಯರಲ್ಲಿ ನಾನು ಪದೇ ಪದೇ ನೋಡುವುದು ಇದನ್ನೇ. ಯಾವುದೋ ಕಷಾಯದಿಂದ ಸ್ವಲ್ಪ ಹಗುರ ಅನ್ನಿಸುತ್ತದೆ, ಆಸ್ಪತ್ರೆಗೆ ಹೋಗುವುದು ಬಿಡುತ್ತಾರೆ. ಒಂದು ದಿನ ಮೂತ್ರ ಪೂರ್ತಿ ಕಟ್ಟಿ, ಹೊಟ್ಟೆ ಹಿಡಿದುಕೊಂಡು ಟ್ಯೂಬ್ ಹಾಕಿಸಲು ಓಡುತ್ತಾರೆ. ಪ್ರಾಸ್ಟೇಟಿನ ಕ್ಯಾನ್ಸರ್ ಕೂಡ ಆರಂಭದಲ್ಲಿ ಏನೂ ತೋರಿಸದೆ ಇರಬಹುದು. ಅದು ಇಲ್ಲ ಅಂತ ಗೊತ್ತುಮಾಡಿಕೊಳ್ಳಲು ಯೂರಾಲಜಿಸ್ಟ್, ಅಂದರೆ ಮೂತ್ರದ ಕಾಯಿಲೆಗಳ ತಜ್ಞರು, ಕೈಯಿಂದ ಪರೀಕ್ಷೆ ಮಾಡುತ್ತಾರೆ, ಪಿಎಸ್‌ಎ ಎಂಬ ರಕ್ತಪರೀಕ್ಷೆ ಬರೆಯುತ್ತಾರೆ. ಮೂತ್ರ ಮಾಡಿ ಬಂದ ಮೇಲೆ ಚೀಲದಲ್ಲಿ ಎಷ್ಟು ಉಳಿದಿದೆ ಅಂತ ಸ್ಕ್ಯಾನಿನಲ್ಲಿ ಅಳೆಯುತ್ತಾರೆ. ಈ ಕೊನೆಯದು ಯಾವಾಗ ಆಗಿತ್ತು ಅಂತ ಫೈಲಿನಲ್ಲಿ ಹುಡುಕಿ.

ಇನ್ನೊಂದು ವಿಷಯ. ಮಾವ ರಾತ್ರಿ ಏಳುವುದಕ್ಕೆಲ್ಲ ಪ್ರಾಸ್ಟೇಟೇ ಕಾರಣ ಅಂತ ಯಾಕೆ ಅಂದುಕೊಳ್ಳಬೇಕು? ಶುಗರ್ ಹತೋಟಿಯಲ್ಲಿಲ್ಲದಿದ್ದರೂ ಮೂತ್ರ ಜಾಸ್ತಿ. ರಾತ್ರಿ ಎಂಟಕ್ಕೆ ಗಂಜಿ ಉಂಡು ತಿಳಿಯನ್ನೂ ಕುಡಿದು ಮಲಗಿದರೂ ಜಾಸ್ತಿ. ನಮ್ಮ ಮಳೆಗಾಲದಲ್ಲಿ ಶೀತಕ್ಕೆ ಅಂತ ಮೆಡಿಕಲ್ ಶಾಪಿನಿಂದ ತಂದು ನುಂಗುವ ಮಾತ್ರೆಗಳಿವೆಯಲ್ಲ, ಅವು ಇನ್ನೂ ಅಪಾಯ. ಮೂಗು ಸೋರುವುದನ್ನು ನಿಲ್ಲಿಸುವ ಕೆಲವು ಮದ್ದುಗಳು ಮೂತ್ರವನ್ನೂ ಕಟ್ಟಿಬಿಡುತ್ತವೆ. ಪ್ರಾಸ್ಟೇಟ್ ಇರುವವರು ಶೀತದ ಮಾತ್ರೆ ಕೊಳ್ಳುವಾಗ ‘ನನಗೆ ಪ್ರಾಸ್ಟೇಟ್ ಇದೆ’ ಅಂತ ಹೇಳಿಯೇ ಕೊಳ್ಳಬೇಕು. ಒಂದು ವಾರ ಮಾವ ಎಷ್ಟು ಗಂಟೆಗೆ ಎದ್ದರು, ಸಂಜೆ ಆರರ ಮೇಲೆ ಏನೇನು ಕುಡಿದರು, ಬೆಳಗ್ಗೆ ಶುಗರ್ ಎಷ್ಟಿತ್ತು ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ. ವೈದ್ಯರಿಗೆ ಆ ಹಾಳೆ ಬಹಳ ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಮಾವನಿಗೆ ಯಾವ ದಾರಿಗಳಿವೆ? ಮಾತ್ರೆ ಮುಂದುವರಿಸಿ, ಸಂಜೆಯ ನೀರು, ಶುಗರ್ ಸರಿಮಾಡಿಕೊಳ್ಳುವುದು ಒಂದು. ನಾನು ಇಲ್ಲಿಂದಲೇ ಶುರು ಮಾಡಿ ಎನ್ನುತ್ತೇನೆ. ಮಾತ್ರೆಯ ಜೊತೆಗೆ ಬೇರಿನ ಕ್ಯಾಪ್ಸೂಲ್ ಸೇರಿಸುವುದು ಎರಡನೆಯದು. ಯೂರಾಲಜಿಸ್ಟಿಗೆ ಹೇಳಿ, ಅವರು ಬೇಡ ಅನ್ನದಿದ್ದರೆ, ಕೆಲವು ತಿಂಗಳು ನೋಡಬಹುದು. ಬೇರಿನಿಂದ ಹೊಟ್ಟೆ ಸ್ವಲ್ಪ ಕೆಡಬಹುದು, ಅದಕ್ಕಿಂತ ಹೆಚ್ಚಿನ ತೊಂದರೆ ಅಪರೂಪ. ಮಾತ್ರೆ ಬಿಟ್ಟು ಬರೀ ಕ್ಯಾಪ್ಸೂಲ್, ಅಂದರೆ ಮಾವ ಈಗ ಮಾಡುತ್ತಿರುವುದು, ಆಪರೇಷನ್ನಿನ ಮಾತು ಬಂದ ಹಂತದಲ್ಲಿ ನಾನು ಒಪ್ಪುವುದಿಲ್ಲ. ನಮ್ಮಲ್ಲಿಯೂ ನೆಗ್ಗಿಲು, ವರುಣ, ಪುನರ್ನವದಂಥ ಮದ್ದುಗಳಿವೆ. ಅವುಗಳಿಗೂ ಇದೇ ಮಾತು, ಒಬ್ಬ ವೈದ್ಯರ ಕಣ್ಣಿನಡಿಯಲ್ಲಿ, ಪರೀಕ್ಷೆಗಳನ್ನು ತಪ್ಪಿಸದೆ.

ಆಪರೇಷನ್ ಬಗ್ಗೆ ಮಾವನ ಭಯ ನನಗೆ ಅರ್ಥವಾಗುತ್ತದೆ. ಹೆಚ್ಚಿನವರಿಗೆ ಹೊಟ್ಟೆ ಕೊಯ್ಯುತ್ತಾರೆ ಎಂಬ ಕಲ್ಪನೆ ಇರುತ್ತದೆ. ಸಾಮಾನ್ಯವಾಗಿ ಮಾಡುವುದು ಮೂತ್ರದ ದಾರಿಯಿಂದಲೇ ಸಲಕರಣೆ ಹಾಕಿ ಒಳಗಿನ ಅಡ್ಡಿಯನ್ನು ಕೆತ್ತಿ ತೆಗೆಯುವುದು. ಹೊರಗೆ ಗಾಯವಿಲ್ಲ. ರಕ್ತಸ್ರಾವ, ಸೋಂಕು, ಕೆಲವು ದಿನ ಉರಿ, ಆಮೇಲೆ ವೀರ್ಯ ಹೊರಗೆ ಬಾರದೆ ಹಿಂದಕ್ಕೆ ಹೋಗುವುದು, ಇವು ಅದರ ತೊಂದರೆಗಳು. ಮೂತ್ರ ಪದೇ ಪದೇ ಕಟ್ಟುವುದು, ಮತ್ತೆ ಮತ್ತೆ ಸೋಂಕು, ಚೀಲದಲ್ಲಿ ಕಲ್ಲು, ಕಿಡ್ನಿ ಊದಿಕೊಳ್ಳುವುದು, ಮೂತ್ರದಲ್ಲಿ ರಕ್ತ ನಿಲ್ಲದಿರುವುದು, ಇವು ಇದ್ದರೆ ಮುಂದೂಡಬಾರದು. ಇಲ್ಲದಿದ್ದರೆ ಯೋಚಿಸಲು ಸಮಯ ಇರುತ್ತದೆ. ಮಾವನಿಗೆ ಇವುಗಳಲ್ಲಿ ಯಾವುದಿದೆ ಅಂತ ಡಾಕ್ಟರ ಹತ್ತಿರ ನೇರವಾಗಿ ಕೇಳಿ. ಮಾವನನ್ನು ಎದುರಿಗೆ ಕೂರಿಸಿಕೊಂಡೇ ಕೇಳಿ.

ಶುಗರ್, ಬಿಪಿ, ರಕ್ತ

ನೆಟಲ್ ಎಲೆಯ ಸಾರದಿಂದ ಶುಗರ್ ಸ್ವಲ್ಪ ಇಳಿದದ್ದು ಇರಾನಿನ ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಅವರು ಕೊಟ್ಟದ್ದು ತೂಕ ಮಾಡಿದ ಸಾರವನ್ನು, ಅದೂ ಮಾಮೂಲಿ ಮದ್ದಿನ ಜೊತೆಗೆ. ಒಂದು ಲೋಟ ಟೀಗೆ ಆ ಫಲಿತಾಂಶ ಹೊಂದಿಸಲು ಆಗುವುದಿಲ್ಲ. ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಶುಗರ್ ತೀರಾ ಇಳಿಯುವ ಭಯವೂ ಇದೆ. ಎಲೆಯ ಸಾರವನ್ನೂ ಸೇರಿಸಿದರೆ ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ಎಲೆ ಬಿಪಿಯನ್ನೂ ತುಸು ತಗ್ಗಿಸಬಹುದು. ಆಮ್ಲೋಡಿಪಿನ್, ಟ್ಯಾಮ್ಸುಲೋಸಿನ್ ಎರಡೂ ಇರುವ ಮಾವನಿಗೆ ಅದು ಬೇಡದ ಉಪಕಾರ.

ರಕ್ತ ಜಾಸ್ತಿಯಾಗುತ್ತದೆ ಅನ್ನುವುದು ಉತ್ಪ್ರೇಕ್ಷೆ. ಬೇಯಿಸಿದ 100 ಗ್ರಾಂ ನೆಟಲ್ ಸೊಪ್ಪಿನಲ್ಲಿ ಕಬ್ಬಿಣ ಸುಮಾರು 1.6 ಮಿಲಿಗ್ರಾಂ. ನಮ್ಮ ಹರಿವೆ ಸೊಪ್ಪಿನಲ್ಲಿ ಅದಕ್ಕಿಂತ ಜಾಸ್ತಿಯೇ ಇದೆ. ಕ್ಯಾಲ್ಸಿಯಂ ಮಾತ್ರ ನಿಜಕ್ಕೂ ಚೆನ್ನಾಗಿದೆ, 480 ಮಿಲಿಗ್ರಾಂ. ಹಿಮಾಲಯದವರು ಇದನ್ನು ಪ್ರೀತಿಯಿಂದ ತಿನ್ನುವುದರಲ್ಲಿ ಅರ್ಥ ಇದೆ. ಚಳಿಯ ನಾಡಿನಲ್ಲಿ ಬೇಗ ಚಿಗುರುವ ಹಸಿರು ಅದು. ನಾವು ಮಳೆಗಾಲದಲ್ಲಿ ತಜಂಕ್, ತಿಮರೆ, ಕೆಸು ಹುಡುಕಿಕೊಂಡು ಹೋಗುವುದಿಲ್ಲವೇ.

ಅತ್ತೆಯ ಮೊಣಕಾಲು, ಅತ್ತೆಯ ವಾರ್ಫರಿನ್

ಅಜ್ಜಿಯ ಮಾತನ್ನು ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ನೋಯುವ ಕೀಲಿಗೆ ಹಸಿ ನೆಟಲಿನಿಂದ ಬಡಿಯುವುದು ಯೂರೋಪಿನಲ್ಲೂ ಹಳೆಯ ಮದ್ದು. ಇಂಗ್ಲೆಂಡಿನಲ್ಲಿ 27 ಜನರ ಮೇಲೆ ಇದನ್ನು ಪರೀಕ್ಷೆ ಮಾಡಿ 2000ರಲ್ಲಿ ಪ್ರಕಟಿಸಿದರು. ಹೆಬ್ಬೆರಳಿನ ಬುಡದ ಸವೆತದ ನೋವಿದ್ದವರು ಒಂದು ವಾರ ದಿನವೂ ನೆಟಲ್ ಎಲೆ ಒತ್ತಿಕೊಂಡರು. ಇನ್ನೊಂದು ವಾರ ಚುಚ್ಚದ, ನೋಡಲು ಹಾಗೆಯೇ ಇರುವ ಎಲೆ. ನೆಟಲಿನ ವಾರದಲ್ಲಿ ನೋವು ಹೆಚ್ಚು ಇಳಿಯಿತು. ಆದರೆ ಅದು ಹೆಬ್ಬೆರಳು, ಮೊಣಕಾಲಲ್ಲ. ಗಿಡ ಅರ್ಟಿಕಾ, ಅಜ್ಜಿಯ ಬಳ್ಳಿಯಲ್ಲ. ಆ ಉರಿ ಆರಿದ ಮೇಲೂ ಸವೆದ ಮೂಳೆ ಹಾಗೆಯೇ ಇರುತ್ತದೆ.

ನಿಮ್ಮ ಅತ್ತೆಗೆ ಇದನ್ನು ಮಾಡಲೇಬೇಡಿ. ಅವರು ವಾರ್ಫರಿನ್ ಮೇಲಿರುವವರು. ಬಡಿದು, ತುರಿಸಿಕೊಂಡು ಚರ್ಮ ಕಿತ್ತರೆ ರಕ್ತ ಬೇಗ ನಿಲ್ಲುವುದಿಲ್ಲ. ಕೃತಕ ವಾಲ್ವ್ ಇರುವವರಿಗೆ ಚರ್ಮದ ಸೋಂಕು ಕೂಡ ಸಣ್ಣ ವಿಷಯವಲ್ಲ.

ನೆಟಲ್ ಸೊಪ್ಪನ್ನು ಒಳಗೆ ತೆಗೆದುಕೊಳ್ಳುವುದು ಅವರಿಗೆ ಇನ್ನೂ ದೊಡ್ಡ ಸಮಸ್ಯೆ. ವಾರ್ಫರಿನ್ ಕೆಲಸ ಮಾಡುವುದು ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆಯನ್ನು ಅಡ್ಡಗಟ್ಟಿ. ಬೇಯಿಸಿದ 100 ಗ್ರಾಂ ನೆಟಲ್ ಸೊಪ್ಪಿನಲ್ಲಿ ಸುಮಾರು 500 ಮೈಕ್ರೋಗ್ರಾಂ ವಿಟಮಿನ್ ಕೆ ಇದೆ. ದೊಡ್ಡವರಿಗೆ ಇಡೀ ದಿನಕ್ಕೆ ಬೇಕಾದದ್ದು 90ರಿಂದ 120. ಎಲೆಯ ಪುಡಿಯನ್ನೋ ಎಲೆಯ ಕ್ಯಾಪ್ಸೂಲನ್ನೋ ದಿನಾ ನುಂಗಿದರೆ ವಾರ್ಫರಿನ್ ಸಾಕಾಗದೆ ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಸೋಸಿದ ಟೀಯಲ್ಲಿ ವಿಟಮಿನ್ ಕೆ ಕಡಿಮೆ, ಅದು ನೀರಿನಲ್ಲಿ ಕರಗುವುದಿಲ್ಲ. ಆದರೂ ಅತ್ತೆಗೆ ಈ ಟೀ ಬೇಡ ಎನ್ನುತ್ತೇನೆ. ಲಾಭ ಅಷ್ಟಕ್ಕಷ್ಟೇ ಇರುವಲ್ಲಿ ವಾಲ್ವಿನ ಜೊತೆ ಪ್ರಯೋಗ ಯಾಕೆ? ಈಗಾಗಲೇ ಕುಡಿದಿದ್ದರೆ ಗಾಬರಿ ಬೇಡ, ನಿಲ್ಲಿಸಿ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡುವ ಐಎನ್‌ಆರ್ ರಕ್ತಪರೀಕ್ಷೆ ಒಮ್ಮೆ ಮಾಡಿಸಿ.

ಇದನ್ನು ಓದಿ ಅತ್ತೆಗೆ ಸೊಪ್ಪನ್ನೇ ನಿಲ್ಲಿಸಿಬಿಡಬೇಡಿ. ಹಲವು ಮನೆಗಳಲ್ಲಿ ಹಾಗೆ ಮಾಡುತ್ತಾರೆ, ಅದೂ ತಪ್ಪು. ಬಸಳೆ, ಹರಿವೆ, ನುಗ್ಗೆಸೊಪ್ಪು ಎಲ್ಲ ತಿನ್ನಬಹುದು. ಒಂದು ವಾರ ದಿನಾ, ಮುಂದಿನ ವಾರ ಇಲ್ಲವೇ ಇಲ್ಲ ಅಂತ ಆಗಬಾರದು. ಅಳತೆ ಹೆಚ್ಚುಕಡಿಮೆ ಒಂದೇ ಇರಲಿ, ವೈದ್ಯರು ಅದಕ್ಕೆ ತಕ್ಕ ಡೋಸ್ ಕೊಡುತ್ತಾರೆ.

ಮೊಣಕಾಲಿಗೆ ಏನು ಮಾಡುವುದು? ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆಗಳನ್ನು ವಾರ್ಫರಿನ್ ಜೊತೆ ಕೇಳದೆ ಕೊಡಬೇಡಿ. ಹೊಟ್ಟೆಯೊಳಗೆ ರಕ್ತಸ್ರಾವ ಆಗಬಹುದು. ಘಾಟು ವಾಸನೆಯ ನೋವಿನ ಮುಲಾಮುಗಳಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಇರುತ್ತದೆ. ಅದನ್ನು ದಿನಾ ಎರಡೂ ಕಾಲಿಗೆ ತುಂಬಾ ತಿಕ್ಕಿದರೂ ವಾರ್ಫರಿನ್ನಿನ ಪರಿಣಾಮ ಏರುತ್ತದೆ. ಇದು ತುಂಬಾ ಜನರಿಗೆ ಗೊತ್ತಿಲ್ಲ. ಲಕ್ಕಿ ಸೊಪ್ಪನ್ನು, ಅದೇ ತುಳುವಿನ ನೆಕ್ಕಿ, ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಹದವಾಗಿ ಶಾಖ ಕೊಡಿ. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರ ಚಾಚಿ, ಐದು ಎಣಿಸಿ ಇಳಿಸುವ ವ್ಯಾಯಾಮ ಬೆಳಿಗ್ಗೆ, ಸಂಜೆ ಮಾಡಿಸಿ. ತೊಡೆಯ ಸ್ನಾಯು ಗಟ್ಟಿಯಾದರೆ ಮೊಣಕಾಲಿನ ಮೇಲಿನ ಭಾರ ಇಳಿಯುತ್ತದೆ. ಮತ್ತೆ ಆ ಹೆರೆಮಣೆ. ನೆಲದಲ್ಲಿ ಕಾಲು ಮಡಚಿ ಕೂತು ಕಾಯಿ ತುರಿಯುವುದು ಸವೆದ ಮೊಣಕಾಲಿಗೆ ಒಳ್ಳೆಯದಲ್ಲ. ಮೇಜಿಗೆ ತಿರುಗಿಸಿ ಕೂರಿಸುವ ತುರಿಮಣೆ ಸಿಗುತ್ತದೆ, ಒಂದು ತಂದುಕೊಡಿ. ಅತ್ತೆ ಮೊದಲು ಗೊಣಗಬಹುದು, ಆಮೇಲೆ ಬಿಡುವುದಿಲ್ಲ.

ಬಳ್ಳಿ ಮೈಗೆ ತಾಗಿದರೆ

ತುರಿಸಬೇಡಿ, ಉಜ್ಜಬೇಡಿ, ರೋಮ ಇನ್ನೂ ಒಳಗೆ ಹೋಗುತ್ತದೆ. ಅಂಟುವ ಟೇಪ್ ಒತ್ತಿ ಎಳೆದರೆ ಚರ್ಮದಲ್ಲಿ ಉಳಿದ ರೋಮ ಬರುತ್ತದೆ. ಆಮೇಲೆ ಸೋಪು ನೀರಲ್ಲಿ ತೊಳೆದು, ತಣ್ಣನೆ ಬಟ್ಟೆ ಇಟ್ಟು, ಕ್ಯಾಲಮಿನ್ ಲೋಷನ್ ಹಚ್ಚಿ. ಸಗಣಿ, ಬೂದಿ ಹಚ್ಚಬೇಡಿ. ತುಟಿ, ನಾಲಗೆ ಊದಿದರೆ, ಉಸಿರು ಕಟ್ಟಿದರೆ ಮನೆಮದ್ದು ನೋಡುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ.

ಕೊನೆಯದಾಗಿ, ಬೀಜದ ಪ್ರಶ್ನೆ. ಹೊರದೇಶದಿಂದ ಬೀಜ ತರಲು ಸಸ್ಯ ಕ್ವಾರಂಟೈನ್ ನಿಯಮದ ಪರವಾನಗಿ, ಆ ದೇಶದ ಆರೋಗ್ಯಪತ್ರ ಬೇಕು. ಅಂಚೆ ಲಕೋಟೆಯಲ್ಲಿ ಹಾಕಿ ಕಳಿಸುವಂತಿಲ್ಲ. ತಂದರೂ ನಮ್ಮ ಸೆಕೆಗೆ, ಕರಾವಳಿಯ ಮಳೆಗೆ ಗಿಡ ನಿಲ್ಲುವುದು ಕಷ್ಟ. ಎಲ್ಲಾದರೂ ನಿಂತರೆ ಬೇರಿನಲ್ಲೇ ಹಬ್ಬುವ ಕಳೆ, ಅದೂ ಚುಚ್ಚುವ ಕಳೆ. ಅಂಗಳದಲ್ಲಿ ಆಡುವ ಮಕ್ಕಳಿದ್ದರೆ ಅದು ಬೇಡ. ಟೀ ಉಳಿದಿದ್ದರೆ, ಮದ್ದೇನೂ ಇಲ್ಲದ, ಗರ್ಭಿಣಿಯರಲ್ಲದ, ಕಿಡ್ನಿ, ಹೃದಯದ ತೊಂದರೆ ಇಲ್ಲದ ದೊಡ್ಡವರು ಬೆಳಿಗ್ಗೆ ಒಂದು ಲೋಟ ಕುಡಿದರೆ ತೊಂದರೆಯಿಲ್ಲ. ಕ್ಯಾಪ್ಸೂಲಿನ ಡಬ್ಬಿ, ಮಾವನ ಎಲ್ಲ ಮಾತ್ರೆಗಳ ಪಟ್ಟಿ, ಆ ಕ್ಯಾಲೆಂಡರ್ ಹಾಳೆ, ಮೂರನ್ನೂ ಒಂದೇ ಚೀಲಕ್ಕೆ ಹಾಕಿ ಮುಂದಿನ ಭೇಟಿಗೆ ಒಯ್ಯಿರಿ. ಅದಕ್ಕೆ ಮೊದಲೇ ಮಾವನಿಗೆ ಮೂತ್ರ ಪೂರ್ತಿ ಕಟ್ಟಿದರೆ, ಚಳಿಜ್ವರ ಬಂದರೆ ಅಥವಾ ಮೂತ್ರದಲ್ಲಿ ರಕ್ತ ಕಂಡರೆ ಭೇಟಿಯ ದಿನಕ್ಕೆ ಕಾಯಬೇಡಿ, ರಾತ್ರಿಯಾದರೂ ಸರಿ, ಕರೆದುಕೊಂಡು ಹೋಗಿ.